ಹೂಂಗುಟ್ಟುವವರು ಬೇಕಾಗಿದ್ದಾರೆ

ನನ್ನ ಮದುವೆ ಕುದುರಿದ್ದೇ ಒಂದು ತಪ್ಪು ತಿಳಿವಳಿಕೆಯಿಂದ. 1987ರ ಮಾತು. ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ಎಲೆ ಅಡಿಕೆ ಬಾಯಿಗಿಟ್ಟುಕೊಂಡೇ, 'ಹುಡುಗ ಯೂನಿವರ್ಸಿಟೀಲಿ ಸಂಪರ್ಕದ ಮೇಲೆ ಪಾಠ ಮಾಡ್ತಾನೆ' ಎಂದರು. ಹುಡುಗಿಯ ತಂದೆ ಟೆಲಿಫೋನಿಗೆ ಅರ್ಜಿ ಹಾಕಿ ಆಗಲೇ ಐದು ವರ್ಷ ಕಾದು ಕೂತಿದ್ದವರು. ಎಲೆ ಅಡಿಕೆಯ ನಡುವಿನಿಂದ ಬಂದ 'ಸಂಪರ್ಕ' ಅವರ ಕಿವಿಗೆ 'ದೂರಸಂಪರ್ಕ' ಎಂದೇ ಬಿತ್ತು. ಒಡನೆ ಉಪ್ಪಿಟ್ಟು ಎರಡನೇ ಸಲ ಬಂತು. ಕೇಸರಿಬಾತಿನ ಗೋಡಂಬಿಗಳೆಲ್ಲ ನನ್ನ ತಟ್ಟೆಗೇ ಬಿದ್ದವು. ಮದುವೆಯಾಗಿ ತಿಂಗಳು ಕಳೆದ ಮೇಲೆ ಮಾವನವರು ಆ ಅರ್ಜಿಯ ರಸೀದಿಯನ್ನು ನನ್ನ ಕೈಗಿಟ್ಟು, 'ಸ್ವಲ್ಪ ನಿಮ್ಮ ಕಡೆಯಿಂದ ಹೇಳಿಸಿ ಅಳಿಯಂದ್ರೇ' ಎಂದರು. ಸಾರ್ವಜನಿಕ ಸಂಪರ್ಕ ಎಂದರೇನು, ಅದರ ಉದ್ದೇಶಗಳೇನು ಎಂದು ನಾನು ಇಪ್ಪತ್ತು ನಿಮಿಷ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ರಸೀದಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತ, 'ಅಂದ್ರೆ ನಿಮ್ಮ ಸಂಪರ್ಕಕ್ಕೆ ತಂತಿ ಇಲ್ಲ ಅನ್ನಿ' ಎಂದರು.

ಮೂವತ್ತಾರು ವರ್ಷ ನಾನು ಕಲಿಸಿದ್ದು ಈ ತಂತಿಯಿಲ್ಲದ ಸಂಪರ್ಕವನ್ನೇ. ಇಂಗ್ಲಿಷಿನವರು ಇದನ್ನು ಪಬ್ಲಿಕ್ ರಿಲೇಷನ್ಸ್ ಎಂದು ಕರೆದರು. ರಿಲೇಷನ್ಸ್ ಎಂದರೆ ಸಂಬಂಧ. ಆದರೆ ಕನ್ನಡಕ್ಕೆ ತಂದವರು ಯಾರೋ ಲೋಕ ಕಂಡವರಿರಬೇಕು, 'ಸಾರ್ವಜನಿಕ ಸಂಪರ್ಕ' ಎಂದಷ್ಟೇ ಹೇಳಿ ಕೈ ತೊಳೆದುಕೊಂಡರು. ನಮ್ಮಲ್ಲಿ ಸಂಬಂಧ ಅಂದರೆ ಜಾತಕ ತೋರಿಸಬೇಕು, ಬೀಗರೂಟ ಹಾಕಬೇಕು, ಮಗಳ ಬಾಣಂತನ ಮಾಡಬೇಕು. ಸರ್ಕಾರಿ ಇಲಾಖೆಯೊಂದು ಜನರೊಂದಿಗೆ ಅಷ್ಟೆಲ್ಲ ಇಟ್ಟುಕೊಳ್ಳಲಾದೀತೆ? ಸಂಪರ್ಕವಾದರೆ ಸುಲಭ, ಬಸ್ಸಿನಲ್ಲಿ ಪಕ್ಕದವನ ಮೊಣಕೈ ತಗುಲಿದರೂ ಸಂಪರ್ಕವೇ.

ಈ ಶಾಸ್ತ್ರದ ಮೊದಲ ಪಾಠ ಮಾತ್ರ ನನಗೆ ಆಗಿದ್ದು ಹಾಸನದ ಕಡೆಯ ಹಳ್ಳಿಯೊಂದರಲ್ಲಿ, ಬಚ್ಚಲೊಲೆಯ ಮುಂದೆ. ಬೇಸಿಗೆ ರಜೆಗೆ ಹೋದ ಮೊಮ್ಮಕ್ಕಳು ಏಳೆಂಟು ಮಂದಿ ಅಜ್ಜಿಯ ಸುತ್ತ ಒರಗಿಕೊಳ್ಳುತ್ತಿದ್ದೆವು. ಅಜ್ಜಿ ಕಥೆ ಶುರು ಮಾಡುವ ಮುಂಚೆ ಒಂದೇ ಷರತ್ತು ಹಾಕುತ್ತಿದ್ದಳು: 'ಹೂಂ ಅನ್ಬೇಕು.' ಒಂದೂರಲ್ಲಿ ಒಬ್ಬ ರಾಜ ಇದ್ದ. ಹೂಂ. ಅವನಿಗೆ ಏಳು ಜನ ಹೆಂಡ್ತೀರು. ಹೂಂ. ಹೂಂ ನಿಂತಿತೋ ಕಥೆಯೂ ನಿಂತಿತು. ರಾಜ ಕುದುರೆ ಹತ್ತಲು ಕಾಲೆತ್ತಿದ್ದರೆ ಹಾಗೇ ಬೆಳಗಿನವರೆಗೆ ಕಾಲೆತ್ತಿಕೊಂಡೇ ಇರಬೇಕು. ಮರುದಿನ ರಾತ್ರಿ, 'ಎಲ್ಲಿಗೆ ನಿಲ್ಲಿಸಿದ್ದೆ ಅಜ್ಜಿ?' ಎಂದು ಕೇಳಿದರೆ, 'ನಾನೆಲ್ಲಿ ನಿಲ್ಲಿಸಿದೆ? ನೀವು ನಿಲ್ಲಿಸಿದ್ದು' ಎನ್ನುತ್ತಿದ್ದಳು. ಕೊನೆಯ ಹೂಂ ಎಲ್ಲಿ ಬಿದ್ದಿತ್ತೋ ಅಲ್ಲಿಂದಲೇ ಎಳೆ ಹಿಡಿಯುತ್ತಿದ್ದಳು. ಒಂದೊಂದು ಸಲ ಬರೀ ಅಭ್ಯಾಸಬಲದಿಂದ ನಿದ್ದೆಗಣ್ಣಿನಲ್ಲಿ ಹೂಂ ಅಂದರೆ, ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಪರೀಕ್ಷೆ ಮಾಡಲು, 'ಆಗ ಆ ರಾಜ ಬೀಡಿ ಹಚ್ಚಿದ' ಎನ್ನುತ್ತಿದ್ದಳು. ಅದಕ್ಕೂ ಹೂಂ ಬಂದರೆ ದೀಪ ಸಣ್ಣದಾಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ್ದು 1985ರಲ್ಲಿ. ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ ಎಂಬಿಬ್ಬರು ಈ ವಿಷಯದ ಮೇಲೆ ದಪ್ಪ ಪುಸ್ತಕವೊಂದನ್ನು ಬರೆದಿದ್ದರು. ಅದು ನಮ್ಮ ಲೈಬ್ರರಿಗೆ ಬರುವ ಹೊತ್ತಿಗೆ ನನಗೆ ಮದುವೆಯಾಗಿ ಮಗುವೂ ಆಗಿತ್ತು. ಸಂಸ್ಥೆಗಳು ಜನರೊಂದಿಗೆ ಮಾತಾಡುವ ರೀತಿಯನ್ನು ಅವರು ನಾಲ್ಕು ಮಾದರಿಗಳಾಗಿ ವಿಂಗಡಿಸಿದ್ದರು. ಸರ್ಕಸ್ಸಿನವರ ಹಾಗೆ ಡೋಲು ಬಡಿದು ಜನ ಸೇರಿಸುವುದು ಮೊದಲನೆಯದು. ಇದ್ದ ವಿಷಯವನ್ನು ಇದ್ದ ಹಾಗೆ ತಿಳಿಸಿ ಸುಮ್ಮನಾಗುವುದು ಎರಡನೆಯದು. ಜನರ ಮನಸ್ಸು ತಿಳಿದುಕೊಂಡು, ಅದನ್ನೇ ಉಪಯೋಗಿಸಿ ಅವರನ್ನು ನಮ್ಮ ದಾರಿಗೆ ತರುವುದು ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಶ್ರೇಷ್ಠ. ಇಬ್ಬರೂ ಮಾತಾಡಬೇಕು, ಇಬ್ಬರೂ ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡ ಮೇಲೆ ಇಬ್ಬರೂ ಒಂದಿಷ್ಟು ಬದಲಾಗಬೇಕು. ಇದಕ್ಕೆ ನಾವು 'ದ್ವಿಮುಖ ಸಮಮಿತಿ ಸಂವಹನ' ಎಂದು ಕನ್ನಡದಲ್ಲಿ ನಾಮಕರಣ ಮಾಡಿದೆವು. ಆ ಪುಟ ಓದಿದ ಸಂಜೆ ನಾನು ಪುಸ್ತಕ ಮಡಿಸಿ ಕಿಟಕಿಯಾಚೆ ನೋಡುತ್ತ ಕೂತೆ. ನಮ್ಮಜ್ಜಿ ಇದನ್ನು 'ಹೂಂ ಅನ್ಬೇಕು' ಎಂಬ ಎರಡೇ ಮಾತಿನಲ್ಲಿ ಮುಗಿಸಿದ್ದಳಲ್ಲ ಎನಿಸಿತು. ಆದರೆ ಅಜ್ಜಿಯ ಮಾತಿಗೆ ಪುಟಸಂಖ್ಯೆ ಇರಲಿಲ್ಲವಾದ್ದರಿಂದ ಸಿಲಬಸ್ಸಿಗೆ ಸೇರಿಸಲಾಗಲಿಲ್ಲ.

ಪಾಠ ಇಂಗ್ಲಿಷಿನಲ್ಲಿ, ಉತ್ತರ ಕನ್ನಡದಲ್ಲಿ ಎಂಬ ವ್ಯವಸ್ಥೆ ನಮ್ಮದು. ಇದರಿಂದ ಶಾಸ್ತ್ರಕ್ಕೆ ಏನು ಲಾಭವಾಯಿತೋ ಕಾಣೆ, ಮೌಲ್ಯಮಾಪನ ಮಾಡುವವರ ಬೇಸಿಗೆ ಮಾತ್ರ ತಂಪಾಗಿ ಕಳೆಯುತ್ತಿತ್ತು. ಕಚೇರಿಗಳಲ್ಲಿ ಅಧಿಕೃತ ಸುತ್ತೋಲೆಗಿಂತ ಮುಂಚೆ ಕಿವಿಯಿಂದ ಕಿವಿಗೆ ಓಡುವ ಸುದ್ದಿಗೆ ಗ್ರೇಪ್‌ವೈನ್ ಎನ್ನುತ್ತಾರಷ್ಟೆ. ಕೀತ್ ಡೇವಿಸ್ ಎಂಬಾತ 1953ರಲ್ಲಿಯೇ ಅದರ ಮೇಲೆ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದಿದ್ದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮರದಿಂದ ಮರಕ್ಕೆ ಬಿಗಿದ ಟೆಲಿಗ್ರಾಫ್ ತಂತಿಗಳು ಜೋತುಬಿದ್ದು ದ್ರಾಕ್ಷಿ ಬಳ್ಳಿಯಂತೆ ಕಾಣುತ್ತಿದ್ದವು, ಆ ಹೆಸರು ಬಂದದ್ದು ಅಲ್ಲಿಂದ ಎಂದು ಹೇಳುತ್ತಾರೆ. ಇದನ್ನೆಲ್ಲ ನಾನು ಸ್ವಾರಸ್ಯವಾಗಿಯೇ ಪಾಠ ಮಾಡಿದ್ದೆ. ಒಬ್ಬ ಹುಡುಗ ಉತ್ತರ ಪತ್ರಿಕೆಯಲ್ಲಿ, 'ಪ್ರತಿಯೊಂದು ಸಂಸ್ಥೆಯ ಆವರಣದಲ್ಲಿಯೂ ದ್ರಾಕ್ಷಿ ಬಳ್ಳಿ ಇರುತ್ತದೆ. ಆಡಳಿತ ವರ್ಗವು ಇದಕ್ಕೆ ನೀರು ಹಾಕಬಾರದು' ಎಂದು ಬರೆದಿದ್ದ. ಯೋಚಿಸಿದಷ್ಟೂ ಅದು ಸರಿಯೆನಿಸಿ ಪೂರ್ತಿ ಅಂಕ ಕೊಟ್ಟೆ. ಸುದ್ದಿಯನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಗೇಟ್‌ಕೀಪರನನ್ನು ಇನ್ನೊಬ್ಬಳು 'ದ್ವಾರಪಾಲಕ' ಮಾಡಿ, ಉದಾಹರಣೆಗೆ ಜಯ ವಿಜಯರನ್ನು ಕೊಟ್ಟಿದ್ದಳು; ಸನಕಾದಿ ಮುನಿಗಳನ್ನು ತಡೆದದ್ದರಿಂದ ಅವರಿಗಾದ ಗತಿಯನ್ನೂ ಸಂಕ್ಷಿಪ್ತವಾಗಿ ವಿವರಿಸಿದ್ದಳು. ಸಂಸ್ಥೆಗಳು ತಮ್ಮ ನೌಕರರಿಗೆಂದು ತರುವ ಹೌಸ್ ಜರ್ನಲ್ ಎಂಬುದು 'ಗೃಹಪತ್ರಿಕೆ'ಯಾಗಿ, 'ಇದು ಗೃಹಿಣಿಯರಿಗಾಗಿ ಹೊರಡಿಸುವಂಥದು, ಇದರಲ್ಲಿ ರಂಗೋಲಿ ಮತ್ತು ಹೊಸ ರುಚಿ ಇರುತ್ತವೆ' ಎಂದಾಗಿತ್ತು. ಹಾಗೆ ಬರೆದ ಹುಡುಗ ಮುಂದೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ನಿಜವಾಗಿಯೂ ಗೃಹಪತ್ರಿಕೆಯ ಸಂಪಾದಕನಾದ. ಪ್ರತಿ ತಿಂಗಳೂ ತಪ್ಪದೆ ನನಗೊಂದು ಪ್ರತಿ ಕಳಿಸುತ್ತಿದ್ದ. ಕ್ರೀಡಾಕೂಟ, ರಾಜ್ಯೋತ್ಸವ, ಕಾರ್ಮಿಕರ ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶ, ಕೊನೆಯ ಪುಟದಲ್ಲಿ ನಿವೃತ್ತರ ಫೋಟೋ. ವರ್ಷ ಕಳೆದ ಹಾಗೆ ಪತ್ರಿಕೆ ತೆಳ್ಳಗಾಯಿತು, ನಿವೃತ್ತರ ಪುಟ ಮಾತ್ರ ಹೆಚ್ಚುತ್ತ ಹೋಯಿತು. ಕಡೆಯ ಸಂಚಿಕೆಯಲ್ಲಿ ಬರೀ ಫೋಟೋಗಳೇ ಇದ್ದವು. ಅವುಗಳಲ್ಲೊಂದು ಅವನದೇ. ಜೊತೆಗಿಟ್ಟ ಚೀಟಿಯಲ್ಲಿ, 'ಸಾರ್, ಕೊನೆಗೂ ಒಂದು ಸಂಚಿಕೆಯಲ್ಲಿ ರಂಗೋಲಿ ಹಾಕಿಸಿದೀನಿ, ಅಂಚಿನಲ್ಲಿ ನೋಡಿ' ಎಂದಿತ್ತು.

ಬರೀ ವಿದ್ಯಾರ್ಥಿಗಳನ್ನು ನೋಡಿ ನಗುವುದು ನ್ಯಾಯವಲ್ಲ. ನನ್ನದೂ ಒಂದು ಹೇಳಿಬಿಡುತ್ತೇನೆ. ಎಡ್ವರ್ಡ್ ಬರ್ನೇಸ್ ನಮ್ಮ ಶಾಸ್ತ್ರದ ಮೂಲಪುರುಷರಲ್ಲೊಬ್ಬ. ಮನಃಶಾಸ್ತ್ರಜ್ಞ ಫ್ರಾಯ್ಡನ ಸೋದರಳಿಯ. 1923ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಪಾಠ ಶುರು ಮಾಡಿದವನು ಅವನೇ; ಆ ಲೆಕ್ಕದಲ್ಲಿ ನಮ್ಮ ಗೋತ್ರಪುರುಷ. ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದು ಅಮೆರಿಕದಲ್ಲೂ ನಿಷಿದ್ಧವೆನಿಸಿದ್ದ ಕಾಲದಲ್ಲಿ, 1929ರ ಈಸ್ಟರ್ ದಿನ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ತರುಣಿಯರ ಕೈಯಲ್ಲಿ ಸಿಗರೇಟು ಹಚ್ಚಿಸಿ, ಅವಕ್ಕೆ 'ಸ್ವಾತಂತ್ರ್ಯದ ದೀವಟಿಗೆಗಳು' ಎಂದು ಹೆಸರಿಟ್ಟ. ಹಿಂದೆ ಇದ್ದದ್ದು ತಂಬಾಕು ಕಂಪನಿಯ ದುಡ್ಡು. ಈ ಕಥೆ ಹೇಳುವ ದಿನ ಹಿಂದಿನ ಬೆಂಚಿನವರೂ ಎಚ್ಚರವಾಗಿರುತ್ತಿದ್ದರು. ನಾನು ಅವನ ಹೆಸರಿನ ಹಿಂದೆ ಸದಾ 'ದಿವಂಗತ' ಎಂದು ಸೇರಿಸುತ್ತಿದ್ದೆ. ಅಷ್ಟು ಹಳೆಯ ಕಾಲದವನು ಬದುಕಿರಲು ಹೇಗೆ ಸಾಧ್ಯ ಎಂಬುದು ನನ್ನ ತರ್ಕ. 1995ರ ಮಾರ್ಚಿನಲ್ಲಿ ಒಂದು ದಿನ ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ: ಬರ್ನೇಸ್ ತೀರಿಕೊಂಡರು, ವಯಸ್ಸು 103. ಹತ್ತು ವರ್ಷ ನಾನು ಜೀವಂತ ಮನುಷ್ಯನಿಗೆ ತಿಥಿ ಮಾಡಿದ್ದೆ. ಅದೂ, 'ಖಚಿತಪಡಿಸಿಕೊಳ್ಳದೆ ಒಂದಕ್ಷರವನ್ನೂ ಪತ್ರಿಕೆಗೆ ಕಳಿಸಬೇಡಿ' ಎಂದು ಅದೇ ತರಗತಿಯಲ್ಲಿ ಉಪದೇಶ ಮಾಡುತ್ತ! ಆವತ್ತು ಗಂಭೀರವಾಗಿ ಸುದ್ದಿ ತಿಳಿಸಿದಾಗ ಮುಂದಿನ ಬೆಂಚಿನ ಹುಡುಗಿ, 'ಮತ್ತೆ ತೀರಿಕೊಂಡ್ರಾ ಸಾರ್?' ಎಂದಳು.

ಮನೆಯಲ್ಲಿ ನನ್ನ ಪಾಂಡಿತ್ಯಕ್ಕೆ ಇನ್ನೂ ಕಡಿಮೆ ಬೆಲೆ. ಕೇಳುವುದು ಒಂದು ಕಲೆ ಎಂದು ಬೇರೆ ಊರುಗಳಿಗೆ ಹೋಗಿ, ಶಾಲು ಹೊದಿಸಿಕೊಂಡು ಭಾಷಣ ಮಾಡಿ ಬರುತ್ತಿದ್ದೆ. ಬೆಳಗ್ಗೆ ಪತ್ರಿಕೆ ಹಿಡಿದು ಕೂತರೆ ಹೆಂಡತಿಯ ಮಾತಿಗೆಲ್ಲ ನನ್ನದು ಒಂದೇ ಉತ್ತರ, ಹೂಂ. ಒಂದು ದಿನ ಅವಳು ಸೌಟು ಹಿಡಿದುಕೊಂಡು ಬಂದು ನಿಂತು, 'ಬೆಕ್ಕು ನಿಮ್ಮ ಪಿಎಚ್.ಡಿ. ತಿಂದ್ಬಿಡ್ತು' ಎಂದಳಂತೆ. ನಾನು ಹೂಂ ಅಂದೆನಂತೆ. 'ನೀವು ಹೂಂ ಅಂತೀರೇ ಹೊರತು ಕೇಳಿಸ್ಕೊಳ್ಳಲ್ಲ' ಎಂಬುದು ಅವಳ ಮೂವತ್ತೈದು ವರ್ಷದ ಸಂಶೋಧನೆಯ ಸಾರ. ಅಜ್ಜಿ ಇದ್ದಿದ್ದರೆ ಆವತ್ತೇ ದೀಪ ಸಣ್ಣದು ಮಾಡಿರುತ್ತಿದ್ದಳು. ಇವಳು ಪಾಪ, ಕಥೆ ಮುಂದುವರಿಸಿದಳು.

ನಿಜವಾದ ಹೂಂ ನಾನು ಕಂಡದ್ದು ನಮ್ಮ ವಿಭಾಗದ ಅಟೆಂಡರ್ ಬಾಯಲ್ಲಿ. ಮಂಡ್ಯದ ಕಡೆಯವರು, ಹಣೆಯ ಮೇಲೆ ಸದಾ ವಿಭೂತಿ, ಕಿವಿಯ ಸಂದಿಯಲ್ಲಿ ಸದಾ ಒಂದು ಬೀಡಿ. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ದೊಡ್ಡವರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಾವೆಲ್ಲ ಕರೆಯುತ್ತಿದ್ದುದು 'ಯಜಮಾನ್ರು' ಎಂದೇ. ಡೇವಿಸ್ ಹೇಳಿದ ದ್ರಾಕ್ಷಿ ಬಳ್ಳಿಯ ಬೇರು, ಕಾಂಡ, ಗೊಂಚಲು ಮೂರೂ ಅವರೇ. ಕುಲಪತಿಗಳು ಯಾರಾಗುತ್ತಾರೆ ಎಂಬುದು ಬೆಂಗಳೂರಿಗೆ ಗೊತ್ತಾಗುವ ಮುಂಚೆ ಅವರ ಟೀ ಕೆಟಲ್ಲಿಗೆ ಗೊತ್ತಿರುತ್ತಿತ್ತು. ಆದರೆ ಅವರು ಮಾತಾಡಿದ್ದು ಕಡಿಮೆ. ಯಾರೇ ಬಂದು ಏನೇ ಹೇಳಿಕೊಂಡರೂ ಫೈಲುಗಳಿಗೆ ದಾರ ಕಟ್ಟುತ್ತ ಹೂಂ ಅನ್ನುತ್ತಿದ್ದರು. ಅದರಲ್ಲೂ ಬಗೆಗಳು. ದುಃಖದ ಸುದ್ದಿಗೆ ಉದ್ದನೆಯ ಹೂಂ, ಉಸಿರಿನ ಜೊತೆ ಹೊರಬರುವಂಥದು. ಚಾಡಿಗೆ ಮೊಟಕು ಹೂಂ, ಬಾಗಿಲು ಅರ್ಧ ತೆರೆದ ಹಾಗೆ. ಸುಳ್ಳಿಗೆ ಮಾತ್ರ ಹೂಂ ಇಲ್ಲವೇ ಇಲ್ಲ. 'ಮುಂದಿನ ವರ್ಷ ನಮ್ಮ ವಿಭಾಗಕ್ಕೆ ಹೊಸ ಕಟ್ಟಡ ಬಂದೇ ಬರುತ್ತೆ' ಎಂದು ಮುಖ್ಯಸ್ಥರು ಪ್ರತಿ ಜೂನಿನಲ್ಲೂ ಹೇಳುತ್ತಿದ್ದರು. ನಾವೆಲ್ಲ ತಲೆಯಾಡಿಸುತ್ತಿದ್ದೆವು. ಯಜಮಾನ್ರು ಲೋಟ ಎತ್ತಿಕೊಂಡು ಆಚೆ ಹೋಗುತ್ತಿದ್ದರು.

ಒಂದು ಸಲ ಹಾಸ್ಟೆಲಿನ ಸಾರಿನಲ್ಲಿ ಹಲ್ಲಿ ಬಿತ್ತು. ಆವತ್ತು ಬೆಳಗ್ಗೆ ನಾನು ಪಾಠ ಮಾಡಿದ್ದು ಏನು ಗೊತ್ತೆ? ಟೈಲೆನಾಲ್ ಪ್ರಕರಣ. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಆ ಹೆಸರಿನ ಗುಳಿಗೆಗಳಲ್ಲಿ ಸಯನೈಡ್ ಸೇರಿಸಿ ಏಳು ಮಂದಿ ಸತ್ತಾಗ, ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಜನರನ್ನು ತಾನೇ ಎಚ್ಚರಿಸಿ, ದೇಶದಾದ್ಯಂತ 3 ಕೋಟಿ 10 ಲಕ್ಷದಷ್ಟು ಬಾಟಲಿಗಳನ್ನು ಹಿಂದಕ್ಕೆ ತರಿಸಿಕೊಂಡಿತು. 1906ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಸೇತುವೆಯಿಂದ ಉರುಳಿದಾಗ ಐವಿ ಲೀ ಎಂಬಾತ ರೈಲ್ವೆ ಕಂಪನಿಯ ಪರವಾಗಿ ತಾನೇ ಹೇಳಿಕೆ ಬರೆದು ಕೊಟ್ಟ, ಪತ್ರಕರ್ತರನ್ನು ಸ್ಥಳಕ್ಕೆ ಕರೆಸಿದ ಎಂಬುದನ್ನೂ ಸೇರಿಸಿ, 'ಸತ್ಯ ಹೇಳಿ, ಬೇಗ ಹೇಳಿ, ನೀವೇ ಹೇಳಿ' ಎಂದು ಬೋರ್ಡಿನ ಮೇಲೆ ಬರೆದು ಬಂದಿದ್ದೆ. ಮಧ್ಯಾಹ್ನ ಹುಡುಗರು ತಟ್ಟೆ ಬಡಿಯುತ್ತ ಧರಣಿ ಕೂತರು. ಆಡಳಿತ ಕಚೇರಿಯಿಂದ ನನಗೆ ಕರೆ ಬಂತು: ನೀವು ಈ ವಿಷಯದಲ್ಲಿ ಪರಿಣತರು, ಪತ್ರಿಕೆಗಳಿಗೊಂದು ಹೇಳಿಕೆ ಬರೆದುಕೊಡಿ. ಕೂತು ಬರೆದೆ. 'ವಿದ್ಯಾರ್ಥಿನಿಲಯದ ಭೋಜನದಲ್ಲಿ ಸರೀಸೃಪ ವರ್ಗಕ್ಕೆ ಸೇರಿದ್ದೆನ್ನಲಾದ ವಸ್ತುವೊಂದು ಕಂಡುಬಂದಿದೆ ಎಂಬ ವರದಿಯನ್ನು ಪರಿಶೀಲಿಸಲಾಗುತ್ತಿದ್ದು...' ಎಂದು ಶುರುವಾಗುವ ಆ ವಾಕ್ಯ ಮುಗಿಯುವುದು ಹನ್ನೊಂದನೇ ಸಾಲಿನಲ್ಲಿ. ಮೇಲಿನವರು ಬಹಳ ಮೆಚ್ಚಿಕೊಂಡರು. ಓದಿದ ಮೇಲೆ ಹಲ್ಲಿ ಬಿದ್ದಿತ್ತೋ ಇಲ್ಲವೋ ಎಂಬುದು ಹಲ್ಲಿಗೇ ಅನುಮಾನ ಬರುವಂತಿತ್ತು.

ಮರುದಿನ ಬೆಳಗ್ಗೆ ಧರಣಿ ಇರಲಿಲ್ಲ. ನನ್ನ ಹೇಳಿಕೆಯ ಪ್ರಭಾವ ಎಂದುಕೊಂಡೆ. ಸಂಜೆ ಗೊತ್ತಾಯಿತು, ಹಿಂದಿನ ರಾತ್ರಿ ಯಜಮಾನ್ರು ಯಾರೂ ಹೇಳದೆಯೇ ಹಾಸ್ಟೆಲಿಗೆ ಹೋಗಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಹುಡುಗರ ನಡುವೆ ಕೂತು ಮುದ್ದೆ ಉಂಡಿದ್ದರು. ಎರಡು ಗಂಟೆ ಹೊತ್ತು ಹೂಂಗುಟ್ಟಿದ್ದರು. ಆಮೇಲೆ ಅಡುಗೆಮನೆಗೂ ಹೋಗಿ ಭಟ್ಟನ ಹತ್ತಿರ ಇನ್ನೊಂದು ಗಂಟೆ. 'ಅಡುಗೆಮನೇಲಿ ಬಲ್ಬೇ ಇಲ್ಲ ಸಾ. ಮೂರು ತಿಂಗಳಾತಂತೆ ಕೆಟ್ಟು. ಆ ಕತ್ಲಲ್ಲಿ ಹಲ್ಲಿ ಯಾವ್ದು, ಒಗ್ಗರಣೆ ಮೆಣಸಿನಕಾಯಿ ಯಾವ್ದು ಅಂತ ಅವ್ನಿಗಾದ್ರೂ ಹೆಂಗ್ ಗೊತ್ತಾಗ್ಬೇಕು?' ಎಂದರು. ಬಲ್ಬನ್ನು ತಮ್ಮ ದುಡ್ಡಿನಲ್ಲೇ ತಂದು ಹಾಕಿಸಿದ್ದರು. ಆ ಬಲ್ಬಿನ ಹಣವನ್ನು ನಾನು ಕೊಡಲು ಹೋದಾಗ, 'ಬುಡಿ ಸಾ, ನೀವು ಅಷ್ಟುದ್ದ ಬರ್ದಿದೀರ' ಎಂದರು. ಗೇಲಿಯೋ ಗೌರವವೋ ಇವತ್ತಿಗೂ ತಿಳಿಯದು. ಯಜಮಾನ್ರು ಹೀಗೆ ಸದ್ದಿಲ್ಲದೆ ಮಾಡುತ್ತಿದ್ದ ಈ ಕೆಲಸಕ್ಕೆ ನಮ್ಮಲ್ಲಿ ವರ್ಷಕ್ಕೊಂದು ಹಬ್ಬವೂ ಉಂಟು. ಭಾರತದ ಸಾರ್ವಜನಿಕ ಸಂಪರ್ಕ ಸಂಘ ಹುಟ್ಟಿದ್ದು 1958ರಲ್ಲಿ. 1968ರ ಏಪ್ರಿಲ್ 21ರಂದು ಅದರ ಅಖಿಲ ಭಾರತ ಸಮ್ಮೇಳನ ದೆಹಲಿಯಲ್ಲಿ ನಡೆದ ನೆನಪಿಗೆ ಆ ದಿನವನ್ನು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲೂ ಆಚರಿಸುತ್ತಿದ್ದೆವು. ಏಪ್ರಿಲ್ ಎಂದರೆ ಪರೀಕ್ಷೆಯ ಕಾಲ, ಸಾರ್ವಜನಿಕರು ಹೋಗಲಿ ವಿದ್ಯಾರ್ಥಿಗಳೂ ಬರುತ್ತಿರಲಿಲ್ಲ. ನಾವು ನಾವೇ ವೇದಿಕೆ ಹತ್ತಿ, ಖಾಲಿ ಕುರ್ಚಿಗಳಿಗೆ ಸಂಪರ್ಕದ ಮಹತ್ವ ತಿಳಿಸುತ್ತಿದ್ದೆವು. ಹಿಂದಿನ ಸಾಲಿನಲ್ಲಿ ಟೀ ಕೆಟಲ್ ಪಕ್ಕದಲ್ಲಿಟ್ಟುಕೊಂಡು ಕೂತ ಯಜಮಾನ್ರು ಒಬ್ಬರೇ ಶ್ರೋತೃ.

ಅವರು ನಿವೃತ್ತರಾದ ಮೇಲೆ ವಿಭಾಗದಲ್ಲಿ ಸದ್ದೇ ಹೆಚ್ಚಾಯಿತು. ಸುದ್ದಿಗೆ ವಾಟ್ಸಾಪ್ ಗುಂಪು ಬಂತು. ಯಾರು ಏನೇ ಹಾಕಿದರೂ ಕ್ಷಣದಲ್ಲಿ ಹೆಬ್ಬೆರಳುಗಳು ಎದ್ದು ನಿಲ್ಲುತ್ತಿದ್ದವು. ಸಾವಿನ ಸುದ್ದಿಗೂ ಒಬ್ಬರು ಹೆಬ್ಬೆರಳು ಎತ್ತಿ, ಆಮೇಲೆ ಅಳಿಸಿ, ಕೈ ಮುಗಿದರು.

ನನ್ನ ಕೊನೆಯ ವರ್ಷವಿಡೀ ಪಾಠ ನಡೆದದ್ದು ಕಂಪ್ಯೂಟರಿನ ಮುಂದೆ. 2020, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ತೆರೆಯ ಮೇಲೆ ನಲವತ್ತು ಕಪ್ಪು ಚೌಕಗಳು, ಒಂದೊಂದರಲ್ಲೂ ಒಂದೊಂದು ಹೆಸರು. ಮಾತಿನ ನಡುನಡುವೆ, 'ಕೇಳಿಸ್ತಿದೆಯಾ?' ಎನ್ನುತ್ತಿದ್ದೆ. ಉತ್ತರವಿಲ್ಲ. ಗ್ರೂನಿಗ್ ಮಹಾಶಯನ ನಾಲ್ಕನೆಯ ಮಾದರಿಯನ್ನು ಗೋಡೆಗೆ ಹೇಳಿದಂತೆ ಹೇಳುತ್ತಿದ್ದ ದಿನ, ಯಾವನೋ ಹುಡುಗ ಮೈಕು ಮುಚ್ಚುವುದನ್ನು ಮರೆತಿದ್ದ. ಮೊದಲು ಕೋಳಿ ಕೂಗಿತು. ಆಮೇಲೆ ಒಂದು ಮುದಿ ದನಿ: 'ಯಾರ್ಲಾ ಅದು?'

'ಮೇಷ್ಟ್ರು ಕಣಜ್ಜಿ. ಸುಮ್ನಿರು.'

'ಪಾಪ, ಆಗ್ಲಿಂದ ಒಬ್ರೇ ಮಾತಾಡ್ತಾವ್ರಲ್ಲೋ. ಹೂಂ ಅನ್ಲಾ.'

ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಾಚಿಕೆಯಿಂದ ಕುಗ್ಗಿದ ಒಂದು ದನಿ, 'ಹೂಂ ಸಾರ್' ಎಂದಿತು. ಇನ್ನೊಂದು ಚೌಕದಿಂದ ಇನ್ನೊಂದು ಹೂಂ ಬಂತು. ಮತ್ತೊಂದು. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ನನಗೆ ಮರೆತುಹೋಯಿತು. ಕರೆಂಟು ಹೋಯಿತೆಂದು ಸುಳ್ಳು ಹೇಳಿ ತರಗತಿ ಮುಗಿಸಿದೆ.

ನಿವೃತ್ತಿಯಾದ ಮೇಲಿನ ಮೊದಲ ಚಳಿಗಾಲದಲ್ಲಿ ಯಜಮಾನ್ರ ಮಗ ಫೋನು ಮಾಡಿದ. ಅಪ್ಪನಿಗೆ ಲಕ್ವ ಹೊಡೆದಿದೆ, ಬಲಗಡೆ ಸ್ವಾಧೀನವಿಲ್ಲ, ಮಾತೂ ಹೋಗಿದೆ ಎಂದ. ಬಸ್ಸು ಹಿಡಿದು ಹೋದೆ. ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಹಣೆಯ ಮೇಲೆ ವಿಭೂತಿ ಇತ್ತು, ಕಿವಿಯ ಸಂದಿಯಲ್ಲಿ ಬೀಡಿ ಇರಲಿಲ್ಲ. 'ಎಲ್ಲಾ ತಿಳೀತದೆ ಸಾರ್, ಹೂಂ ಅನ್ನೋದೊಂದು ಬಿಟ್ರೆ ಬಾಯಲ್ಲಿ ಏನೂ ಬರಲ್ಲ' ಎಂದ ಮಗ. ಇವರು ಮೊದಲೂ ಹಾಗೇ ಅಲ್ಲವೆ ಎಂದು ನಗಬೇಕೆನಿಸಿತು, ನಗಲಾಗಲಿಲ್ಲ.

ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ವಿಭಾಗದ ಸುದ್ದಿ ಹೇಳತೊಡಗಿದೆ. ಯಾರು ಬಡ್ತಿ ಪಡೆದರು. ಹೂಂ. ಲೈಬ್ರರಿಯ ಗುಮಾಸ್ತರು ಕೋವಿಡ್‌ನಲ್ಲಿ ಹೋದರು. ಉದ್ದನೆಯ ಹೂಂ, ಉಸಿರಿನ ಜೊತೆ. 'ವಿಭಾಗಕ್ಕೆ ಹೊಸ ಕಟ್ಟಡ ಬಂತು ಯಜಮಾನ್ರೇ' ಎಂದೆ. ಸದ್ದಿಲ್ಲ. 'ನಿಜವಾಗ್ಲೂ' ಎಂದೆ. ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದರು. ಮೊಬೈಲು ತೆಗೆದು ಫೋಟೋ ತೋರಿಸಿದೆ. ಎಡಗೈಯಿಂದ ಅದನ್ನು ಹಿಡಿದು, ಹತ್ತಿರ ತಂದುಕೊಂಡು, ಬಹಳ ಹೊತ್ತು ಪರೀಕ್ಷಿಸಿ, ಹೂಂ ಅಂದರು. ಮೂವತ್ತು ವರ್ಷದಿಂದ ಬಾಕಿಯಿದ್ದ ಹೂಂ ಅದು. ಆಮೇಲೆ ನಾನು ಯಾವ ಯಾವುದೋ ಹೇಳಿಕೊಂಡೆ. ಮಗ ಅಮೆರಿಕದಿಂದ ಭಾನುವಾರಕ್ಕೊಂದು ಸಲ ಫೋನು ಮಾಡುವುದು, ಮಾತಿಗೆ ವಿಷಯವಿಲ್ಲದೆ ಇಬ್ಬರೂ ಹವಾಮಾನ ವಿನಿಮಯ ಮಾಡಿಕೊಳ್ಳುವುದು, ಹೆಂಡತಿಗೆ ಈಗ ಕಿವಿ ಮಂದವಾಗಿರುವುದು, ನಾನು ಕೊನೆಗೂ ಪತ್ರಿಕೆ ಕೆಳಗಿಟ್ಟು ಅವಳ ಮಾತು ಕೇಳಲು ತಯಾರಾದಾಗ ಅವಳೇ ಮಾತು ಕಡಿಮೆ ಮಾಡಿರುವುದು. ಮನೆಯಲ್ಲೂ ಹೇಳದಿದ್ದ ಮಾತುಗಳು. ಒಂದೊಂದಕ್ಕೂ ಅದರದರ ತೂಕದ ಹೂಂ ಬಂತು. ಸೊಸೆ ತಂದಿಟ್ಟ ಕಾಫಿ ಲೋಟದಲ್ಲೇ ಕೆನೆಗಟ್ಟಿತು.

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಎದ್ದು ನಿಂತು ಅವರ ಸ್ವಾಧೀನವಿಲ್ಲದ ಕೈಯನ್ನು ಹಿಡಿದುಕೊಂಡೆ.

'ಬೇಗ ಹುಷಾರಾಗ್ತೀರಿ ಯಜಮಾನ್ರೇ. ಯುಗಾದಿ ಹೊತ್ತಿಗೆ ನೀವೇ ಎದ್ದು ಓಡಾಡ್ಕೊಂಡಿರ್ತೀರಿ' ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ನಾನು ಸ್ವಲ್ಪ ಹೊತ್ತು ಕಾದೆ.